ಎಡಪಕ್ಕೆಯ ಗೆರೆ

"ಓಡ್ಲಾ ಬೋಳಿಮಗ್ನೆ, ಓಡು. ನಿನ್ನ ಕೈ ಸೇದೋಗ. ಕತ್ತೆ ಹತ್ಲಿ ನಿನ್ನ ಹೆಂಡ್ರುನ್ನ."

ಆ ಹೆಂಡತಿ ನಾನೇ. ಸವಳುಪ್ಪಿನ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಕ್ಕದಲ್ಲಿ ನೀರಿನ ಗಡಿಗೆ, ಕೈಯಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡು, ನನ್ನ ಗಂಡ ಪಬೇಕ ಓಡಿಬರುವುದನ್ನು ಕಾಯುತ್ತಿದ್ದೆ. ಈ ಬೈಗುಳ ನನಗೆ ಹೊಸದೇನಲ್ಲ. ಅವರು ಶಪಿಸಿದ್ದೆಲ್ಲ ಫಲಿಸಿದ್ದರೆ ಈ ದಂಡೆಯ ಒಂದು ಕತ್ತೆಗೂ ಹೊಲದ ಕಡೆ ಹೋಗಲು ಪುರಸೊತ್ತು ಸಿಗುತ್ತಿರಲಿಲ್ಲ.

ನಮ್ಮದು ಸೀಳುಗಾರರ ಕೇರಿ. ಹೊಳೆಯ ಪಡುವಣ ದಂಡೆಯಲ್ಲಿ, ಹಸಿರು ಮುಗಿದು ಮರಳು ಶುರುವಾಗುವ ಕಡೆ ಇದೆ. ಉಳ್ಳವರು ಸತ್ತರೆ ಅವರನ್ನು ಚಾಪೆಯ ಡೇರೆಗೆ ತಂದು ಮಲಗಿಸುತ್ತಾರೆ. ಗೆರೆಯವನು ಬಂದು ಹೆಣದ ಎಡಪಕ್ಕೆಯ ಮೇಲೆ ಮಸಿಯಲ್ಲಿ ಒಂದು ಗೆರೆ ಎಳೆಯುತ್ತಾನೆ. ಆ ಗೆರೆಯ ಮೇಲೆ ನನ್ನ ಗಂಡ ಕರಿಗಲ್ಲಿನ ಚೂರಿಯಿಂದ ಸೀಳುತ್ತಾನೆ. ಆಮೇಲೆ ಉಪ್ಪಿನವರು ಕೈಹಾಕಿ ಕರುಳು ತೆಗೆದು, ಹೆಣವನ್ನು ಸವಳುಪ್ಪಿನಲ್ಲಿ ಹೂತು ಒಣಗಿಸಿ, ನಾರುಬಟ್ಟೆ ಸುತ್ತಿ, ಎಂದೆಂದಿಗೂ ಕೆಡದ ಹಾಗೆ ಮಾಡಿ ಗೋರಿಗೆ ಕಳಿಸುತ್ತಾರೆ. ಗೆರೆ ಎಳೆದವನು ಕೈ ತೊಳೆದು ಊಟಕ್ಕೆ ಹೋಗುತ್ತಾನೆ. ಕರುಳು ತೆಗೆದವನು ಮಿಂದು ಗುಡಿಯೊಳಗೆ ಹೋಗುತ್ತಾನೆ. ಸೀಳಿದವನು ಮಾತ್ರ ಪಾಪಿ, ದೊಡ್ಡ ಮನುಷ್ಯನ ಮೈಗೆ ಗಾಯ ಮಾಡಿದ ಪಾಪಿ. ಅವನು ಓಡಬೇಕು. ಸತ್ತವರ ಮನೆಯವರು ಬೈದು, ಕಲ್ಲು ಬೀರಿ ಅವನನ್ನು ಅಟ್ಟಬೇಕು. ಅವನ ಬೆನ್ನಿಗೆ ಬಿದ್ದ ಕಲ್ಲಿನ ಜೊತೆಗೆ ಸತ್ತವನು ಬದುಕಿದ್ದಾಗ ಮಾಡಿದ ಪಾಪವೂ ಹೊರಟುಹೋಗುತ್ತದಂತೆ. ಹಾಗಂತ ಹೇಳಿದವರು ಯಾರೂ ಕಲ್ಲು ತಿಂದವರಲ್ಲ.

ಆ ಕಲ್ಲುಗಳನ್ನು ಆರಿಸಿ ತರುವುದು ಸೀಳುಗಾರನ ಹೆಂಡತಿಯ ಕೆಲಸ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಸಾವಿನ ಮನೆಯವರು ನೆಲಕ್ಕೆ ಬಗ್ಗಿ ಕಲ್ಲು ಹೆಕ್ಕಬಾರದಂತೆ. ಅದಕ್ಕೆ ನನ್ನ ಗಂಡನಿಗೆ ಹೊಡೆಯುವ ಕಲ್ಲನ್ನು ನಾನೇ ಆರಿಸಿ, ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು, ಅವರ ಕಾಲ ಬಳಿ ಇಟ್ಟು ಬರಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ ನನ್ನನ್ನು ಹೊಳೆದಂಡೆಗೆ ಕರೆದುಕೊಂಡು ಹೋಗಿ ಕಲಿಸಿದರು. ನೆರೆ ಇಳಿದ ಮೇಲೆ ಕೆಸರು ಬಿರಿದು ಹೆಂಟೆಗಳಾಗುತ್ತವಲ್ಲ, ಅವನ್ನೇ ಆರಿಸಬೇಕು. ಬೆನ್ನಿಗೆ ತಾಗಿದರೆ ಪುಡಿಯಾಗುತ್ತವೆ. ಕಣ್ಣಿಗೆ ಕಾಣಲಿ ಅಂತ ಮೇಲೆ ಒಂದಿಷ್ಟು ಸಣ್ಣ ಉರುಟುಗಲ್ಲು ಹರಡಬೇಕು. ಬೇರೆ ಅತ್ತೆಯರು ಸೊಸೆಯರಿಗೆ ರೊಟ್ಟಿ ಮಾಡುವುದನ್ನು, ಹೆಂಡ ಸೋಸುವುದನ್ನು ಕಲಿಸುತ್ತಾರೆ.

ಅವತ್ತು ಸತ್ತವನು ಒಬ್ಬ ಅಕ್ಕಸಾಲಿಗ. ಅವನ ಮಕ್ಕಳು ಮರ್ಯಾದಸ್ಥರು. ಶಾಸ್ತ್ರಕ್ಕೆ ಬೈದರು, ಶಾಸ್ತ್ರಕ್ಕೆ ಬೀರಿದರು. ಬುಟ್ಟಿ ಖಾಲಿಯಾಯಿತು. ಆದರೆ ಅವನ ಅಕ್ಕನ ಮಗನೊಬ್ಬ ಬೆಳಗಿನಿಂದ ಕುಡಿದವನು, ಅವನಿಗೆ ಆಟ ಇನ್ನೂ ಮುಗಿದಿರಲಿಲ್ಲ. ಡೇರೆಯ ಚಾಪೆ ಹಾರದಿರಲಿ ಅಂತ ಅಂಚಿಗೆ ಹೇರಿದ್ದ ಗುಂಡುಕಲ್ಲನ್ನೇ ಕಿತ್ತು ಎರಡೂ ಕೈಯಲ್ಲಿ ಎತ್ತಿ ಎಸೆದ. ಅದು ಪಬೇಕನ ಮಂಡಿಯ ಹಿಂಭಾಗಕ್ಕೆ ಬಿತ್ತು. ಸೌದೆ ಮುರಿದ ಹಾಗೆ ಸದ್ದಾಯಿತು. ನನ್ನ ಗಂಡ ಮುಖ ಅಡಿಯಾಗಿ ಮರಳಿಗೆ ಬಿದ್ದ. ಯಾರೋ ನಕ್ಕರು. ಒಬ್ಬ ನಕ್ಕ ಮೇಲೆ ಉಳಿದವರಿಗೆ ತಡೆಯಲಾಗಲಿಲ್ಲ, ಅತ್ತು ಕೆಂಪಾಗಿದ್ದ ಕಣ್ಣಲ್ಲೇ ನಕ್ಕರು.

ಒಂಟಿಕಾಲಿನಲ್ಲಿ ಕುಂಟಿಕೊಂಡು, ಆಮೇಲೆ ತೆವಳಿಕೊಂಡು ಉಪ್ಪಿನ ರಾಶಿಯ ಹಿಂದಕ್ಕೆ ಬಂದವನು ಮೊದಲು ಆಡಿದ ಮಾತು ನೋವಿನದಲ್ಲ.

"ಬಿದ್ಬುಟ್ನಲ್ಲ ಅಮ್ಮೀ. ಎಲ್ರೂ ನೋಡ್ಬುಟ್ರಾ?"

ನಮ್ಮ ಕೇರಿಯಲ್ಲಿ ಕಲ್ಲು ತಿನ್ನುವುದು ನಾಚಿಕೆಯ ವಿಷಯವಲ್ಲ, ಅದು ದಿನದ ಅನ್ನ. ಬೀಳುವುದು ನಾಚಿಕೆ. ಪಬೇಕನ ಅಪ್ಪ ಸಾಯುವ ತನಕ ಒಂದು ಸಲವೂ ಬಿದ್ದವನಲ್ಲ ಅಂತ ಹೆಸರಿತ್ತು. ಆ ಹೆಸರನ್ನು ಇವನು ಆಸ್ತಿಯ ಹಾಗೆ ಕಾಪಾಡಿಕೊಂಡು ಬಂದಿದ್ದ. ಈಗ ನೀರಿಗೆ ಹೋದರೆ ಹೆಂಗಸರು ಕೊಡ ತುಂಬಿಸುತ್ತಾ ಕೇಳುತ್ತಿದ್ದರು, ನಿನ್ನ ಗಂಡ ಬಿದ್ದನಂತಲ್ಲ ತಮಿತಾ, ಅಂತ. ಕನಿಕರದಿಂದಲೇ ಕೇಳುತ್ತಿದ್ದರು. ಅದಕ್ಕಿಂತ ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮಂಡಿ ಊದಿ ಕರ್ಬೂಜದ ಹಣ್ಣಿನಷ್ಟಾಯಿತು. ಜೇನು, ಕೊಬ್ಬು ಕಲಸಿ ಹಚ್ಚಿ, ಉಪ್ಪಿನವರು ಬಿಸಾಡಿದ ನಾರುಬಟ್ಟೆಯ ಚಿಂದಿಯಲ್ಲಿ ಬಿಗಿದು ಕಟ್ಟಿದೆ. ಊತ ಇಳಿಯಿತು, ಕಾಲು ಮಾತ್ರ ನೆಟ್ಟಗಾಗಲಿಲ್ಲ. ಕೋಲೂರಿಕೊಂಡು ಹಿತ್ತಲಿಗೆ ಹೋಗಿಬರುವಷ್ಟಾಯಿತು. ಚೂರಿ ಹಿಡಿದವನ ಕೈಯಲ್ಲಿ ಬೇರೆಯವರು ಇಟ್ಟಿಗೆ ಕೂಡ ಮುಟ್ಟಿಸುವುದಿಲ್ಲ. ಮುಟ್ಟಿದ ಇಟ್ಟಿಗೆಯಲ್ಲಿ ಕಟ್ಟಿದ ಮನೆಗೆ ಸಾವು ಬರುತ್ತದಂತೆ. ನಮ್ಮ ಮನೆಯೂ ಉಪ್ಪಿನವರದೇ, ಜೋಳಿಗೆಗೆ ಬೀಳುವ ರೊಟ್ಟಿಯೂ ಅವರದೇ. ಊರಿನಲ್ಲಿ ಸದ್ಯಕ್ಕೆ ಯಾರೂ ದೊಡ್ಡವರು ಸಾಯದಿರಲಿ ಅಂತ ನಾನು ಬೇಡಿಕೊಂಡೆ. ದೊಡ್ಡವರು ಸತ್ತರೆ ಮಾತ್ರ ಅನ್ನ ಕಾಣುವ ಮನೆಯ ಹೆಂಗಸು ಬೇಡಿಕೊಳ್ಳುವಂಥದ್ದೇ ಅದು?

ಸತ್ತವನು ಶೆಪ್ಮಿನ್ ಒಡೆಯ.

ಕಾಲುವೆಯ ಎರಡೂ ಕಡೆಯ ಗೋಧಿ ಹೊಲ, ಅಗಸೆ ಹೊಲ, ಖರ್ಜೂರದ ತೋಪು ಎಲ್ಲ ಅವನದು. ನನ್ನ ಅಣ್ಣ ಪಖೋಮ ಚೂರಿ ಹಿಡಿದವನಲ್ಲ, ಶೆಪ್ಮಿನ್‌ನ ಕಾಲುವೆಯ ಹೂಳೆತ್ತುತ್ತಿದ್ದ. ಹೊಲಕ್ಕೆ ನೀರು ತಡವಾಗಿ ಬಂತು ಅಂತ ಒಂದು ದಿನ ಅವನನ್ನು ಕಣದಲ್ಲಿ ಬೋರಲು ಕೆಡವಿ ಅಂಗಾಲಿಗೆ ಹೊಡೆಸಿದರು. ಆಮೇಲೆ ಕಾಲು ಹಿಡಿದು ತಲೆಕೆಳಗಾಗಿ ಬಾವಿಗೆ ಅದ್ದಿ ಅದ್ದಿ ತೆಗೆದರು. ಶೆಪ್ಮಿನ್ ಮರದ ನೆರಳಲ್ಲಿ ಕೂತು ಅಂಜೂರ ತಿನ್ನುತ್ತಾ ನೋಡುತ್ತಿದ್ದ. ಕೊನೆಯ ಸಲ ಎತ್ತಿದಾಗ ಅಣ್ಣ ಉಸಿರಾಡಲಿಲ್ಲ. ಅವನನ್ನು ನಾವು ಜೊಂಡಿನ ಚಾಪೆಯಲ್ಲಿ ಸುತ್ತಿ, ಮಂಡಿ ಮಡಿಸಿ, ಮರಳಿನಲ್ಲಿ ಇಟ್ಟೆವು. ತಲೆಯ ಹತ್ತಿರ ಒಂದು ಕುಡಿಕೆ, ಎರಡು ಈರುಳ್ಳಿ. ನಮ್ಮವರಿಗೆ ಗೆರೆಯೂ ಇಲ್ಲ, ಸೀಳೂ ಇಲ್ಲ. ನರಿ ಬಂದು ಕೆದಕುತ್ತದೆ, ಮತ್ತೆ ಹೋಗಿ ಮುಚ್ಚಿ ಬರುತ್ತೇವೆ.

ಉಪ್ಪಿನವರ ಹಿರಿಯ ಪೂಜಾರಿ ಹರ್ಸೀಸ್ ನಮ್ಮ ಅಂಗಳಕ್ಕೆ ಬಂದ. ತಲೆ ನುಣ್ಣಗೆ ಬೋಳಿಸಿ, ಬಿಳಿ ಬಟ್ಟೆ ಉಟ್ಟು, ಅದರ ಸೆರಗನ್ನು ಮೂಗಿಗೆ ಹಿಡಿದಿದ್ದ. ದಿನವಿಡೀ ಮೊಣಕೈವರೆಗೆ ಹೆಣದ ಹೊಟ್ಟೆಯಲ್ಲಿ ಕೈ ಆಡಿಸುವವನಿಗೆ ನಮ್ಮ ಮನೆ ನಾರುತ್ತಿತ್ತು. ಸೀಳುಗಾರರ ಜೊತೆ ಪೂಜಾರಿಗಳು ನೇರ ಮಾತಾಡುವ ಹಾಗಿಲ್ಲ. ಅಂಗಳದಲ್ಲಿ ಕಟ್ಟಿದ್ದ ಕತ್ತೆಯ ಕಡೆ ತಿರುಗಿ ನಿಂತ.

"ಕತ್ತೆ, ಕೇಳ್ಕೊ. ಶೆಪ್ಮಿನ್ ಒಡೇರು ಒಸಿರಿಸನ ಪಾದ ಸೇರಿದಾರೆ. ನಾಳಿದ್ದು ಬೆಳಿಗ್ಗೆ ಸೀಳಬೇಕು. ನಿನ್ನ ಯಜಮಾನಂಗೆ ಹೇಳು."

ಪಬೇಕ ಕೋಲು ಬಿಟ್ಟು ನೆಲಕ್ಕೆ ಹಣೆ ಹಚ್ಚಿದ. "ಬುದ್ಧೀ, ಮಂಡಿ ಮುರ್ದೋಗದೆ. ಕುಯ್ಯಕ್ಕೇನೂ ತೊಂದ್ರೆ ಇಲ್ಲ, ಕೈ ನೆಟ್ಟಗವೆ. ಓಡಕ್ಕೆ ಮಾತ್ರ ಆಗಾಕಿಲ್ಲ. ಈ ಒಂದು ಸಲ ನಡ್ಕಂಡು ಓಗ್ತೀನಿ, ಅಪ್ಪಣೆ ಕೊಡಿ."

"ಕತ್ತೆ, ನಡ್ಕೊಂಡು ಹೋಗೋನು ನೆಂಟ. ಸೀಳಿದೋನು ಓಡಬೇಕು. ಅವನು ಓಡದೆ ಇದ್ರೆ ಪಾಪ ಹೆಣದ ಹತ್ರಾನೇ ಕೂತ್ಕೊಳ್ತದೆ. ಆಗಲ್ಲ ಅಂದ್ರೆ ಚೂರಿ ಇಟ್ಟು ಮನೆ ಬಿಡ್ಲಿ. ಕಾಲು ಗಟ್ಟಿ ಇರೋರು ಮೇಲಿನ ಊರಲ್ಲಿ ಬೇಕಾದಷ್ಟು ಜನ ಇದಾರೆ."

ಕತ್ತೆ ಕಿವಿ ಒದರಿತು. ನಮ್ಮ ಮೂವರಲ್ಲಿ ಮಾತಾಡಿಸಲು ಯೋಗ್ಯ ಅಂತ ಅವನಿಗೆ ಕಂಡದ್ದು ಅದೊಂದೇ. ಅವನು ಹೋದ ಮೇಲೂ ಪಬೇಕ ಹಣೆ ಎತ್ತಲಿಲ್ಲ. ಹಿಡಿದು ಎಬ್ಬಿಸಲು ಹೋದರೆ ಕೈ ಕೊಡವಿದ. ನೋಡಬೇಡ, ಒಳಗೆ ಹೋಗು ಅಂದ.

ಮಾರನೆಯ ದಿನ ಹೆಂಟೆ ಆರಿಸಿ ತಂದೆ. ಇಷ್ಟು ಜತನವಾಗಿ ನಾನು ಎಂದೂ ಆರಿಸಿರಲಿಲ್ಲ. ಒಂದೊಂದನ್ನೂ ಕೈಯಲ್ಲಿ ಒತ್ತಿ, ಒಳಗೆ ಹರಳಿಲ್ಲವೆಂದು ಗಟ್ಟಿಮಾಡಿಕೊಂಡು ಬುಟ್ಟಿಗೆ ಹಾಕಿದೆ. ಬುಟ್ಟಿಯನ್ನು ಬಾಗಿಲಲ್ಲಿ ಇಳಿಸುವಷ್ಟರಲ್ಲಿ ಶೆಪ್ಮಿನ್‌ನ ಮಗ ನೆಸ್ಮಿನ್ ಇಬ್ಬರು ಆಳುಗಳ ಜೊತೆ ಬಂದ. ಅಪ್ಪ ಸತ್ತ ದುಃಖಕ್ಕೆ ತಲೆಗೂ ಎದೆಗೂ ಕೆಸರು ಬಳಿದುಕೊಂಡಿದ್ದ. ಗಡ್ಡ ಬೆಳೆಯುತ್ತಿತ್ತು. ಕಲ್ಲು ನೋಡಲು ಬಂದಿದ್ದ. ಸತ್ತವರ ಮಗ ಕಲ್ಲು ನೋಡಲು ಬಂದದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಒಂದು ಹೆಂಟೆ ಎತ್ತಿಕೊಂಡ, ಬೆರಳಲ್ಲಿ ಒತ್ತಿದ. ಅದು ಪುಡಿಯಾಗಿ ಅವನ ಕಾಲ ಮೇಲೆ ಸುರಿಯಿತು. ಬುಟ್ಟಿಯನ್ನು ಒದ್ದ.

"ಏನೇ ಇದು? ನಮ್ಮಪ್ಪಂಗೆ ಮಣ್ಣುಂಡೆನೇನೇ? ಇಷ್ಟು ದಿನ ಊರಿಗೆಲ್ಲ ಹಿಂಗೇ ಮೋಸ ಮಾಡ್ಕೊಂಡು ಬಂದಿದೀರೇನೇ, ಸೂಳೆ?"

ನನ್ನ ನಾಲಗೆಗೆ ಎಲುಬಿಲ್ಲ. ಇದನ್ನು ನಮ್ಮತ್ತೆಯೂ ಹೇಳುತ್ತಿದ್ದರು. ಕೈಕಟ್ಟಿ, ತಲೆ ತಗ್ಗಿಸಿ, ಆದಷ್ಟು ಮೆತ್ತಗೆ ಹೇಳಿದೆ:

"ಒಡೇರು ಯಾರ್ಗೂ ಕೇಡು ಮಾಡ್ದೋರಲ್ವಲ್ಲಾ ಬುದ್ಧಿ. ಅವ್ರು ಮಾಡಿರೋ ಪಾಪಕ್ಕೆ ಇಷ್ಟು ಸಾಕು ಅಂದ್ಕಂಡೆ. ದೊಡ್ಡ ಕಲ್ಲೇ ಬೇಕು ಅಂದ್ರೆ ಯೋಳಿ, ತತ್ತೀನಿ."

ಆಳುಗಳಲ್ಲಿ ಒಬ್ಬ ತುಟಿ ಕಚ್ಚಿಕೊಂಡು ಆಕಡೆ ತಿರುಗಿದ. ನೆಸ್ಮಿನ್ ಬೆರಳಿಗೆ ಅಂಟಿದ ಮಣ್ಣನ್ನು ತಿಕ್ಕಿಕೊಂಡ. ಸಣ್ಣ ಕಲ್ಲು ಸಾಕು ಅಂದರೆ ಅಪ್ಪನ ಪಾಪ ಅಪ್ಪನ ಮೈಯಲ್ಲೇ ಉಳಿಯುತ್ತದೆ. ಆ ಲೋಕದಲ್ಲಿ ಗುಂಡಿಗೆಯನ್ನು ತಕ್ಕಡಿಗೆ ಹಾಕಿದಾಗ ತಟ್ಟೆ ಕುಸಿಯುತ್ತದೆ, ಕಾದು ಕೂತ ಮೊಸಳೆಮೂತಿಯ ರಾಕ್ಷಸಿ ಗುಂಡಿಗೆಯನ್ನು ನುಂಗುತ್ತಾಳೆ, ಅಲ್ಲಿಗೆ ಅಪ್ಪ ಇಲ್ಲವೇ ಇಲ್ಲ. ದೊಡ್ಡ ಕಲ್ಲು ಬೇಕು ಅಂದರೆ ಅಪ್ಪ ಎಂಥವನೆಂದು ಮಗನೇ ಬಾಯಿಬಿಟ್ಟು ಹೇಳಿದ ಹಾಗೆ. ಅವನಿಗೂ ಗೊತ್ತಿತ್ತು, ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು. ಬಾವಿಯ ಬಳಿ ಅಣ್ಣನ ಒಂದು ಕಾಲನ್ನು ಹಿಡಿದಿದ್ದವನು ಅವನೇ.

"ಕಲ್ಲು ನಾವೇ ತತ್ತೀವಿ," ಅಂದು ಹೋದ.

ಎರಡು ಉಸಿರಿನಷ್ಟು ಹೊತ್ತು ಗೆದ್ದೆ ಅಂದುಕೊಂಡೆ. ಆಮೇಲೆ ಆ ಕಲ್ಲು ಯಾರ ಬೆನ್ನಿಗೆ ಬೀಳುತ್ತದೆಂದು ನೆನಪಾಯಿತು. ಒಳಗಿನಿಂದ ಪಬೇಕ ಎಲ್ಲ ಕೇಳಿಸಿಕೊಂಡಿದ್ದ. ಬಾಗಿಲಿಗೆ ಬಂದು ಒದ್ದು ಚೆಲ್ಲಿದ್ದ ಹೆಂಟೆಗಳನ್ನು ನೋಡಿದ. ಬಯ್ಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಯಾಕಮ್ಮೀ ಬಾಯಿಬುಟ್ಟೆ," ಅಂದ ಅಷ್ಟೆ.

ಓಡಿಹೋಗೋಣ ಅಂದೆ. ಮೇಲಿನ ಊರಿಗೋ, ಹೊಳೆ ಸಮುದ್ರ ಸೇರುವ ಕಡೆಗೋ, ಎಲ್ಲಿಗಾದರೂ. ಅವನು ತನ್ನ ಎರಡು ಅಂಗೈಗಳನ್ನು ನನ್ನ ಮುಂದೆ ಹಿಡಿದ. ಚೂರಿ ಹಿಡಿದು ಹಿಡಿದು ಹೆಬ್ಬೆರಳಿನ ಬುಡ ಕಪ್ಪುಗಟ್ಟಿತ್ತು. ಯಾವ ಊರಿಗೆ ಹೋದರೂ ಇದನ್ನು ನೋಡಿದವರು ನಾವು ಯಾರು ಅಂತ ಕೇಳುವುದೇ ಬೇಡ ಅಂದ. ಆಮೇಲೆ, ಕಲ್ಲಿಗೆ ಹೆದರಿ ಓಡಿಹೋದ ಸೀಳುಗಾರ ಅನ್ನಿಸಿಕೊಳ್ಳುವುದಕ್ಕಿಂತ ಡೇರೆಯ ಮುಂದೆ ಸಾಯುವುದು ಲೇಸು ಅಂತಲೂ ಅಂದ. ಅಪ್ಪನ ಹೆಸರು ಎತ್ತಿದ. ಓಡುವುದೇ ಮಾನ ಅಂತ ನಂಬಿಸಿ ಬೆಳೆಸಿದ ಅಪ್ಪ.

ಅವತ್ತು ಸಂಜೆ ಅವನು ಹಿತ್ತಲಲ್ಲಿ ಓಡುವುದನ್ನು ಅಭ್ಯಾಸ ಮಾಡಿದ. ಗೋಡೆ ಹಿಡಿದು ಒಂಟಿಕಾಲಿನಲ್ಲಿ ಕುಪ್ಪಳಿಸುವುದು, ಗೋಡೆ ಬಿಟ್ಟು ಎರಡು ಹೆಜ್ಜೆ ಹಾಕುವುದು, ಬೀಳುವುದು, ಯಾರಾದರೂ ನೋಡಿದರೇ ಅಂತ ಸುತ್ತ ನೋಡಿ ಏಳುವುದು. ನಾನು ಬೇಳೆ ಬೇಯಿಸುತ್ತಿದ್ದವಳು ಬೆನ್ನು ತಿರುಗಿಸಿ ಕೂತೆ. ನಲವತ್ತು ದಾಟಿದ ಗಂಡಸು, ಕೊಕ್ಕರೆಯ ಹಾಗೆ. ನನ್ನ ಗಂಡನನ್ನು ಕಂಡು ನನಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಬೆಳಿಗ್ಗೆ ಬಿಸಿಲೇರುವ ಮೊದಲೇ ಎಲ್ಲ ಸೇರಿದ್ದರು. ಡೇರೆಗೆ ಮೂರು ಕಡೆ ಚಾಪೆ, ಮೂಡಣಕ್ಕೆ ಬಾಯಿ. ಬಾಯಿಯ ಮುಂದೆ ಒಂದಿಷ್ಟು ದೂರದಲ್ಲಿ ಮನೆಯವರು ಸಾಲಾಗಿ ನಿಂತಿದ್ದರು. ಅವರ ಕಾಲ ಬಳಿ ನಾರುಬಟ್ಟೆ ಹಾಸಿ ಕಲ್ಲು ರಾಶಿ ಹಾಕಿದ್ದರು. ಗುಡ್ಡದಿಂದ ತರಿಸಿದ ಚಕಮಕಿ ಕಲ್ಲು. ಒಡೆದರೆ ಅಂಚು ಚೂರಿಯಾಗುತ್ತದಲ್ಲ, ಅದು. ನಾನು ನನ್ನ ಜಾಗದಲ್ಲಿ, ಡೇರೆಯ ಪಕ್ಕದ ಉಪ್ಪಿನ ರಾಶಿಯ ಹಿಂದೆ ಕೂತಿದ್ದೆ. ಚಾಪೆಯ ಸಂದಿನಿಂದ ಒಳಗಿನದು ಕಾಣುತ್ತಿತ್ತು.

ಕಲ್ಲಿನ ಹಲಗೆಯ ಮೇಲೆ ಶೆಪ್ಮಿನ್ ಬರಿಮೈಯಲ್ಲಿ ಮಲಗಿದ್ದ. ಬದುಕಿದ್ದಾಗ ಅವನ ಕಾಲನ್ನು ಬಿಟ್ಟು ಮೇಲೆ ನೋಡುವ ಹಾಗಿರಲಿಲ್ಲ. ಆ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ. ಸಾಧಾರಣ ಮುಖ, ಒಂದು ಹಲ್ಲು ಮುಂದೆ ಬಂದಿತ್ತು. ಹರ್ಸೀಸ್ ಹೆಣ ಕಾಯುವ ದೇವರ ನರಿ ಮುಖವಾಡ ಹಾಕಿಕೊಂಡು ಮಂತ್ರ ಹೇಳಿದ. ಗೆರೆಯವನು ಗೆರೆ ಎಳೆದು ಹೊರಟುಹೋದ. ಪಬೇಕ ಕೋಲೂರಿಕೊಂಡು ಒಳಗೆ ಬಂದ. ಕೋಲು ಹಿಡಿದು ಓಡುವ ಪದ್ಧತಿ ಇಲ್ಲ ಅಂತ ಹರ್ಸೀಸ್ ಗಾಳಿಗೆ ಹೇಳಿದ. ಪಬೇಕ ಕೋಲನ್ನು ಕೆಳಗಿಟ್ಟ. ಹಲಗೆಯ ಅಂಚು ಹಿಡಿದು ನಿಂತು, ಗೆರೆಯ ಮೇಲೆ ಒಂದೇ ಎಳೆತದಲ್ಲಿ ಸೀಳಿದ. ಚೂರಿಯನ್ನು ಹಲಗೆಯ ಮೇಲಿಟ್ಟ. ತಿರುಗಿದ. ಓಡಿದ.

ಓಡಿದ ಅನ್ನಬಾರದು. ಡೇರೆಯ ಬಾಯಿ ದಾಟಿ ನಾಲ್ಕು ಸಲ ಕುಪ್ಪಳಿಸಿದ. ಐದನೆಯದಕ್ಕೆ ಬಿದ್ದ.

ಬೈಗುಳ ಶುರುವಾಯಿತು. ಮೊದಲನೆಯ ಕಲ್ಲು ನೆಸ್ಮಿನ್‌ನದು. ಅದು ಭುಜಕ್ಕೆ ತಾಗಿ ಸಿಡಿದು ಉಪ್ಪಿನ ರಾಶಿಯ ತನಕ ಉರುಳಿ ಬಂತು. ಎರಡನೆಯದು ಯಾರದೋ, ಕಿವಿಯ ಮೇಲೆ ಬಿತ್ತು. ರಕ್ತ ಕತ್ತಿನ ಮೇಲೆ ಇಳಿಯಿತು. ಪಬೇಕ ಮೊಣಕೈಯೂರಿ ಮರಳಿನಲ್ಲಿ ತೆವಳತೊಡಗಿದ. ತೆವಳುತ್ತಾ ಹೇಳುತ್ತಿದ್ದ:

"ಓಡ್ತೀನಿ ಬುದ್ಧಿ. ಓಡ್ತಾವ್ನಿ ಬುದ್ಧಿ. ಇಗಾ, ಓಡ್ತೀನಿ."

ಕಲ್ಲನ್ನು ತಡೆದುಕೊಂಡೆ, ರಕ್ತವನ್ನೂ ತಡೆದುಕೊಂಡೆ. ಆ ಮಾತನ್ನು ತಡೆಯಲಾಗಲಿಲ್ಲ. ಕಾಲ ಬಳಿ ಬಿದ್ದಿದ್ದ ಕಲ್ಲನ್ನು ಎತ್ತಿಕೊಂಡೆ. ಚಾಪೆ ಸರಿಸಿ ಡೇರೆಯೊಳಗೆ ಹೋದೆ. ಸೀಳುಗಾರನ ಹೆಂಡತಿ ಅಲ್ಲಿಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಉಪ್ಪಿನವರು ಮೈಲಿಗೆಯಾದೀತೆಂದು ಚಾಪೆಗೆ ಒತ್ತಿಕೊಂಡು ನನಗೆ ದಾರಿ ಬಿಟ್ಟರು. ಹೆಣದ ತಲೆಯ ಹತ್ತಿರ ನಿಂತು, ಕಲ್ಲನ್ನು ಆ ಮುಖದ ಮೇಲೆ ಎತ್ತಿ ಹಿಡಿದೆ.

"ಇನ್ನೊಂದು ಕಲ್ಲು ಅವನ ಮ್ಯಾಲೆ ಬಿದ್ರೆ, ಇದು ಇವನ ಮೂತಿ ಮ್ಯಾಲೆ ಬೀಳ್ತದೆ."

ಜೋರಾಗಿ ಹೇಳಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. ಮುಖ ಜಜ್ಜಿಹೋದರೆ ಏನಾಗುತ್ತದೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಹಾರಿಹೋದ ಜೀವ ತನ್ನ ಮೈಯನ್ನು ಹುಡುಕಿಕೊಂಡು ಗೋರಿಗೆ ಬಂದಾಗ ಗುರುತು ಸಿಗುವುದಿಲ್ಲ. ಉಪ್ಪು, ಬಟ್ಟೆ, ಚಿನ್ನದ ಮುಖವಾಡ ಎಲ್ಲ ನೀರಿನಲ್ಲಿ ಹೋಮ. ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ನನ್ನ ಕಡೆಗೂ ಎಸೆಯುವ ಹಾಗಿರಲಿಲ್ಲ. ಗುರಿ ಒಂದು ಗೇಣು ತಪ್ಪಿದರೆ ಒಡೆಯನಿಗೇ ಬೀಳುತ್ತಿತ್ತು.

"ಇಳಿಸೇ ಕಲ್ಲನ್ನ. ಇಳಿಸೇ, ಹಾಳು ಮುಂಡೆ." ನರಿ ಮುಖವಾಡದೊಳಗಿನಿಂದ ಹರ್ಸೀಸನ ದನಿ ಗಡಿಗೆಯೊಳಗಿನಿಂದ ಬಂದ ಹಾಗೆ ಬಂತು.

"ಕೈ ಹಿಡ್ಕಂಡು ಇಳಿಸಿ ಬುದ್ಧಿ. ಬನ್ನಿ, ಮುಟ್ಟಿ."

ಒಂದು ಹೆಜ್ಜೆ ಮುಂದಿಟ್ಟವನು ನಿಂತ. ನನ್ನನ್ನು ಮುಟ್ಟಿದರೆ ಅವನು ಮೈಲಿಗೆ, ಇನ್ನು ಆ ಹೆಣವನ್ನು ಮುಟ್ಟುವ ಹಾಗಿಲ್ಲ. ಮುಖವಾಡ ತೊಡುವ ಇನ್ನೊಬ್ಬ ಪೂಜಾರಿ ಹತ್ತಿರದಲ್ಲಿ ಎಲ್ಲೂ ಇಲ್ಲ. ಹೆಣದ ಪಕ್ಕೆ ತೆರೆದಿದೆ, ಬಿಸಿಲು ಏರುತ್ತಿದೆ. ಅವನು ಹೆಣ ತೊಳೆಯಲು ನೀರು ಹೊತ್ತು ತಂದಿದ್ದ ಆಳುಗಳ ಕಡೆ ತಿರುಗಿ ಇವಳನ್ನು ಎಳೆದು ಹಾಕಿ ಅಂದ. ಅವರಲ್ಲಿ ಒಬ್ಬ ತನ್ನ ಗಡಿಗೆ ಸೋರುತ್ತಿದೆ ಅಂದ. ಇನ್ನೊಬ್ಬ ಹೌದು ಸೋರುತ್ತಿದೆ ಅಂತ ಅದನ್ನೇ ನೋಡುತ್ತಾ ನಿಂತ. ಅವರೂ ಶೆಪ್ಮಿನ್‌ನ ಕಾಲುವೆಯಲ್ಲಿ ಹೂಳೆತ್ತಿದವರೇ.

ನನ್ನನ್ನು ಹೆಚ್ಚು ನೋಯಿಸಿದ್ದು ಇವರು ಯಾರೂ ಅಲ್ಲ. ಮರಳಿನಲ್ಲಿ ಬಿದ್ದಿದ್ದ ನನ್ನ ಗಂಡ ಕತ್ತು ಹೊರಳಿಸಿ ನನ್ನನ್ನು ನೋಡಿದ. ರಕ್ತ ಒಂದು ಕಣ್ಣಿಗೆ ಇಳಿದಿತ್ತು. ಅವನ ಮುಖದಲ್ಲಿ ಇದ್ದದ್ದು ನಾಚಿಕೆ. ನನ್ನಿಂದಾಗಿ ನಾಚಿಕೆ.

"ಬ್ಯಾಡ ಕಣಮ್ಮೀ. ಮಾನ ಕಳೀಬ್ಯಾಡ," ಅಂದ. ಆಮೇಲೆ ಹರ್ಸೀಸನ ಕಡೆ ಕೈಜೋಡಿಸಿದ. "ಬುದ್ಧೀ, ಅವಳ್ಗೆ ತಲೆ ಕೆಟ್ಟದೆ. ಮನ್ನಿಸ್ಬುಡಿ. ನಾನು ಓಡ್ತೀನಿ."

ನನ್ನ ಮುಖ ಉರಿಯಿತು. ಜ್ವರ ಏರಿದ ಹಾಗೆ ಇಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ, ತಲೆಯ ಮೇಲೆ ಬುಟ್ಟಿ ಹೊತ್ತು ನಡೆದ ಮೊದಲ ದಿನವೂ ಆಗಿರಲಿಲ್ಲ. ಕೈ ಸಡಿಲವಾಗುತ್ತಿತ್ತು. ಇನ್ನೊಂದು ಸಲ ಅವನು ಬೇಡಿಕೊಂಡಿದ್ದರೆ ಇಳಿಸಿಬಿಡುತ್ತಿದ್ದೆನೋ ಏನೋ.

"ಏಳು," ಅಂದೆ. "ಎದ್ದು ನಡ್ಕಂಡು ಓಗು."

"ನಡ್ಕಂಡಾ?"

ಅಲ್ಲಿಂದ ನಡೆದುಕೊಂಡು ಹೋಗುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವನಪ್ಪನಿಗೂ. ಅವನು ಕೈಯೂರಿ ಎದ್ದ. ಕಾಲೆಳೆದು ಒಂದು ಹೆಜ್ಜೆ ಇಟ್ಟು, ಕಲ್ಲು ಬೀಳುತ್ತದೆಂದು ಬೆನ್ನು ಕುಗ್ಗಿಸಿ ನಿಂತ. ಬೀಳಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ, ಮತ್ತೆ ಕುಗ್ಗಿ ನಿಂತ. ಹೀಗೆ ನಿಂತು ನಿಂತು, ಬೆನ್ನು ಕುಗ್ಗಿಸಿಕೊಂಡೇ ಆ ಸಾಲಿನ ಪಕ್ಕದಿಂದ ಹೋದ. ಅವರು ಮೈ ತಾಗದಂತೆ ಹಿಂದೆ ಸರಿದರು. ಮರಳುದಿಬ್ಬ ಹತ್ತುವಾಗ ಒಂದು ಸಲ ಜಾರಿದ. ಆಚೆ ಇಳಿದ ಮೇಲೆ ಕಾಣಲಿಲ್ಲ. ಹಿಂತಿರುಗಿ ನೋಡಲಿಲ್ಲ.

ನಾನು ಇಲ್ಲಿಂದ ಹೊರಗೆ ಹೋಗುವುದು ಹೇಗೆ ಅನ್ನುವ ಪ್ರಶ್ನೆ ಆಗ ಎದುರಾಯಿತು. ಒಳಗೆ ಬರುವಾಗ ಅದನ್ನು ಯೋಚಿಸಿರಲಿಲ್ಲ. ಒಂದು ನೊಣ ಬಂದು ಶೆಪ್ಮಿನ್‌ನ ಪಕ್ಕೆಯ ಸೀಳಿನ ಮೇಲೆ ಕೂತಿತು. ಆಮೇಲೆ ಇನ್ನಷ್ಟು ಬಂದವು. ಹರ್ಸೀಸ್ ಮುಖವಾಡ ತೆಗೆದು ಬೆವರು ಒರೆಸಿಕೊಂಡ. ಇನ್ನು ತಡವಾದರೆ ಕೆಡುತ್ತದೆ ಅಂತ ನೆಸ್ಮಿನ್‌ಗೆ ಹೇಳಿದ.

ನೆಸ್ಮಿನ್ ಕೈಲಿದ್ದ ಕಲ್ಲನ್ನು ನೆಲಕ್ಕೆ ಹಾಕಿದ. ಎದೆಯ ಕೆಸರಿಗೆ ಅಂಗೈ ಒರೆಸಿಕೊಂಡು ಡೇರೆಯ ಬಾಯಿಗೆ ಬಂದ.

"ಅವ್ವಾ," ಅಂದ. "ಅವನು ಹೋದನಲ್ಲವ್ವಾ. ಇನ್ನು ಕಲ್ಲು ಇಳಿಸ್ಬುಡು."

ಅವನ ಹಿಂದೆ ನಿಂತವರ ಕೈಯಲ್ಲಿ ಕಲ್ಲುಗಳು ಹಾಗೇ ಇದ್ದವು. ಬಲಗೈ ಸೋತಿತ್ತು. ಕಲ್ಲನ್ನು ಎಡಗೈಗೆ ಬದಲಾಯಿಸಿಕೊಂಡು ಮತ್ತೆ ಎತ್ತಿ ಹಿಡಿದೆ.